ಕಿಟೆಲ್ಲರ ನಿಘಂಟು: ವಿಶ್ವಾಸವು ದುಡಿಮೆಯಾದ ಬಗೆ

ನಿಲಂಗಾ, ಉದಗೀರ ತಾಲ್ಲೂಕುಗಳು 1956ರ ವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಗಡಿ ಸರಿದರೂ ಮಾತು ಸರಿಯಲಿಲ್ಲ. ಅಲ್ಲಿಯೂ ನಮ್ಮ ಉಮರ್ಗಾದಲ್ಲಿಯೂ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಕುಟುಂಬಗಳು ಇಂದಿಗೂ ಉಂಟು. ಆ ಮನೆಗಳ ಮಕ್ಕಳು ತರಗತಿಯಲ್ಲಿ ಮನೆಯ ಶಬ್ದವೊಂದನ್ನು ಆಡಿ, ಇದು ಶುದ್ಧ ಕನ್ನಡವೋ ಅಲ್ಲವೋ ಎಂದು ಅಳುಕಿ ಉಪಾಧ್ಯಾಯರ ಮುಖ ನೋಡುತ್ತಾರೆ. ಉಪಾಧ್ಯಾಯರಿಗೂ ಒಮ್ಮೊಮ್ಮೆ ಅನುಮಾನವೇ! ಆಗ ತೆರೆಯಬೇಕಾದ ಗ್ರಂಥ ಫರ್ಡಿನೆಂಡ್ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು.

ಈ ನಿಘಂಟನ್ನು ರಚಿಸಿದವರು ನಮ್ಮ ನಾಡಿಗೆ ಭಾಷಾಪಂಡಿತರಾಗಿ ಬಂದವರಲ್ಲ, ಪಾದ್ರಿಯಾಗಿ ಬಂದವರು. ಕಿಟೆಲ್ಲರು 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆ ಎಂಬ ಗ್ರಾಮದಲ್ಲಿ ಹುಟ್ಟಿದರು. ತಂದೆಯೂ ಪಾದ್ರಿಗಳೇ. ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ತರಬೇತಿ ಪಡೆದು, 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಿಂದೂಸ್ಥಾನಕ್ಕೆ ಬಂದರು.

ಮತಪ್ರಸಾರಕ್ಕೆಂದು ಬಂದವರು ಶಬ್ದಗಳ ಬೆನ್ನು ಹತ್ತಿದುದೇಕೆ ಎಂದು ವಾಚಕರು ಕೇಳಬಹುದು. ಕ್ರೈಸ್ತ ವೇದದ ಯಾಕೋಬನ ಪತ್ರಿಕೆಯಲ್ಲಿ ಕ್ರಿಯೆಯಿಲ್ಲದ ವಿಶ್ವಾಸವನ್ನು ನಿರ್ಜೀವವೆಂದು ಹೇಳಿದೆ. ಉಮರ್ಗಾದಿಂದ ಬಹುದೂರವಲ್ಲದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂದದ್ದಕ್ಕೂ ಇದಕ್ಕೂ ಬಹಳ ಅಂತರವಿಲ್ಲವೆಂದು ನನ್ನ ಎಣಿಕೆ. ಜನರ ಮಾತನ್ನು ಅರಿಯದೆ ಅವರಿಗೆ ಏನನ್ನಾದರೂ ಹೇಳಹೊರಡುವುದು ವ್ಯರ್ಥವಷ್ಟೆ. ಕಿಟೆಲ್ಲರು ಮೊದಲು ಯೇಸುವಿನ ಚರಿತ್ರೆಯನ್ನೇ ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ಯೆಂದು ಬರೆದು 1862ರಲ್ಲಿ ಪ್ರಕಟಿಸಿದರು. ಆಮೇಲೆ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಈ ಎರಡೂ ಜೈನ ಕವಿ–ವೈಯಾಕರಣರ ಪರಂಪರೆಗೆ ಸೇರಿದ ಗ್ರಂಥಗಳೋ ಅಲ್ಲವೋ ಎಂಬ ಭೇದವನ್ನು ಅವರು ಎಣಿಸಲಿಲ್ಲ.

ನಿಘಂಟಿನ ಕೆಲಸ ಇವೆಲ್ಲಕ್ಕೂ ಕಠಿಣವಾದದ್ದು. ವಿಲಿಯಂ ರೀವ್ ಎಂಬವರ ಕನ್ನಡ ನಿಘಂಟು 1832ರಲ್ಲಿಯೇ ಮದರಾಸಿನಲ್ಲಿ ಅಚ್ಚಾಗಿತ್ತು. ಕಿಟೆಲ್ಲರಿಗೆ ಅಷ್ಟು ಸಾಲದಾಯಿತು. ಹಳಗನ್ನಡ ಕಾವ್ಯಗಳ ಪ್ರಯೋಗಗಳು ಬೇಕು, ದಾಸರ ಪದಗಳು ಬೇಕು, ಗಾದೆಗಳು ಬೇಕು, ಒಕ್ಕಲಿಗರ ಬಾಯಿಮಾತೂ ಬೇಕು. ದೇಶೀಯ ಪಂಡಿತರನ್ನು ಜೊತೆಗಿರಿಸಿಕೊಂಡು ಒಂದೊಂದು ಶಬ್ದಕ್ಕೂ ಆಧಾರ ಹುಡುಕಿದರು. 1877ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಅಲ್ಲಿಯೇ ನೆಮ್ಮದಿಯಾಗಿ ಉಳಿಯಬಹುದಾಗಿತ್ತು. ಆದರೆ ಕೆಲಸ ಮುಗಿದಿರಲಿಲ್ಲ. 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಹಡಗನ್ನೇರಿ ಬಂದು, 1892ರ ವರೆಗೂ ಕನ್ನಡ ನಾಡಿನಲ್ಲಿಯೇ ದುಡಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಸುಮಾರು 70,000 ಶಬ್ದಗಳ ಆ ಗ್ರಂಥವನ್ನು ಹೊರತಂದರು.

ಗಡಿಯವರಾದ ನಾವು ಅದರಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಚಿಕ್ಕ ಚಿಕ್ಕ ಸಂಕೇತಾಕ್ಷರಗಳನ್ನು. ಮೈಸೂರಿನ ಶಬ್ದಕ್ಕೆ ಒಂದು ಗುರುತು. ದಕ್ಷಿಣ ಮರಾಠಾ ಸೀಮೆ ಎಂದು ಆಗ ಕರೆಯುತ್ತಿದ್ದ ಧಾರವಾಡ, ಬೆಳಗಾವಿ ಕಡೆಯ ಶಬ್ದಕ್ಕೆ ಇನ್ನೊಂದು. ಮರಾಠಿಯಿಂದ ಬಂದದ್ದನ್ನು ಮರಾಠಿಯೆಂದೂ ಹಿಂದೂಸ್ತಾನಿಯಿಂದ ಬಂದದ್ದನ್ನು ಹಿಂದೂಸ್ತಾನಿಯೆಂದೂ ಸೂಚಿಸಿದ್ದಾರೆ. ಹಾಗೆ ಬಂದವೆಂಬ ಕಾರಣಕ್ಕೆ ಹೊರಗಿಟ್ಟಿಲ್ಲ. ನಮ್ಮ ನಿಜಾಮ ಸೀಮೆ ಅವರ ಕಾರ್ಯಕ್ಷೇತ್ರವಾಗಿರಲಿಲ್ಲ, ನಿಜ. ಆದರೂ ಧಾರವಾಡದ ಕಡೆಯ ಗುರುತು ಬಿದ್ದ ಶಬ್ದಗಳಲ್ಲಿ ನಮ್ಮ ಮಕ್ಕಳ ಮಾತಿನ ದಾಯಾದಿಗಳು ಸಿಗುತ್ತವೆ. ಸಂಸ್ಕೃತವೂ ದ್ರಾವಿಡ ಭಾಷೆಗಳಿಂದ ಅನೇಕ ಶಬ್ದಗಳನ್ನು ಕೊಂಡಿದೆಯೆಂದು ಪೀಠಿಕೆಯಲ್ಲಿ ಪಟ್ಟಿ ಸಹಿತ ವಾದಿಸಿದ ಧೈರ್ಯವೂ ಅವರದು. ಆ ಪಟ್ಟಿಯ ಪ್ರತಿಯೊಂದು ಶಬ್ದವನ್ನೂ ಇಂದಿನ ವಿದ್ವಾಂಸರು ಒಪ್ಪುವುದಿಲ್ಲವೆಂಬುದು ಬೇರೆ ಮಾತು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಪದವಿ ಬಂದಿತೆಂದು ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಅದೇ ಊರಿನಲ್ಲಿ ಕುಳಿತು, ಮತ್ತೆ ಕೇಶಿರಾಜನನ್ನೇ ಆಧಾರ ಮಾಡಿಕೊಂಡು, ಕನ್ನಡ ಭಾಷೆಯ ವ್ಯಾಕರಣವೊಂದನ್ನು ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಕಿಟೆಲ್ಲರು ತೀರಿಕೊಂಡರು.