ಡಿಜಿಟಲ್ ಸೇವೆಗಳಿಂದ ಹೊರಗುಳಿಯುವ ದುರ್ಬಲ ವರ್ಗದವರು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕೃತಗೊಂಡ ನಂತರ, ಕರ್ನಾಟಕದಲ್ಲಿ ಪಡಿತರ, ಮಾಸಾಶನ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮುಂತಾದ ಸೇವೆಗಳೂ ಹಂತಹಂತವಾಗಿ ಗಣಕಯಂತ್ರದ ಮೂಲಕ ದೊರೆಯತೊಡಗಿದವು. ಇದರಿಂದ ಅನೇಕರಿಗೆ ಕಚೇರಿಯ ಅಲೆದಾಟ ತಪ್ಪಿದೆ. ಆದರೆ ಯಂತ್ರವನ್ನು ಬಳಸಲಾರದವರು ಮತ್ತು ಯಂತ್ರವು ಗುರುತಿಸದವರು ಅರ್ಹರಾಗಿದ್ದರೂ ಸೌಲಭ್ಯ ಕಳೆದುಕೊಳ್ಳುವ ಅಪಾಯವಿದೆ. ಯಂತ್ರದ ವೈಫಲ್ಯವು ಅರ್ಜಿದಾರರ ಅನರ್ಹತೆಯಲ್ಲ.

ಹೊರಗುಳಿಯಲು ಕಾರಣಗಳು

• ವಯೋವೃದ್ಧರು ಹಾಗೂ ಕಲ್ಲು, ಮಣ್ಣು, ಸುಣ್ಣದ ಕೆಲಸ ಮಾಡುವವರ ಬೆರಳ ರೇಖೆಗಳು ಸವೆದು ಬೆರಳಚ್ಚು ಹೊಂದಿಕೆಯಾಗದಿರುವುದು. ಕುಷ್ಠರೋಗದಿಂದ ಬೆರಳು ಕಳೆದುಕೊಂಡವರಿಗೂ ಇದೇ ತೊಂದರೆಯಾಗುತ್ತದೆ.
• ಮನೆಗೊಂದೇ ಮೊಬೈಲ್ ಇದ್ದು, ಒಟಿಪಿ ಬರುವ ವೇಳೆಗೆ ಅದು ದುಡಿಯಲು ಹೋದವರ ಬಳಿ ಇರುವುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಂತರ್ಜಾಲವನ್ನು ಒಮ್ಮೆಯಾದರೂ ಬಳಸಿದ ಪುರುಷರು ಶೇ. 57.1, ಮಹಿಳೆಯರು ಶೇ. 33.3 ಮಾತ್ರ.
• ಮರುಭರ್ತಿ ಮಾಡಿಸದೆ ಹಳೆಯ ಮೊಬೈಲ್ ಸಂಖ್ಯೆ ರದ್ದಾಗಿರುವುದು.
• ಪಡಿತರ ಚೀಟಿ, ಬ್ಯಾಂಕ್ ಖಾತೆ ಮತ್ತು ಆಧಾರ್‌ನಲ್ಲಿ ಹೆಸರಿನ ಅಕ್ಷರಗಳು ಬೇರೆಬೇರೆಯಾಗಿರುವುದು.
• ಕಾಡಂಚಿನ ಹಾಡಿ ಮತ್ತು ಗುಡ್ಡಗಾಡು ಗ್ರಾಮಗಳಲ್ಲಿ ಸಂಪರ್ಕ ಜಾಲ ದೊರೆಯದಿರುವುದು.

ಕಾನೂನಿನ ರಕ್ಷಣೆ

ಆಧಾರ್ ಅಧಿನಿಯಮ, 2016ರ 7ನೇ ಪ್ರಕರಣದಂತೆ, ಆಧಾರ್ ಸಂಖ್ಯೆ ನೀಡಲ್ಪಡದವರಿಗೆ ಪರ್ಯಾಯ ಗುರುತಿನ ಮೂಲಕ ಸೌಲಭ್ಯ ಒದಗಿಸತಕ್ಕದ್ದು. ಬೆರಳಚ್ಚು ವಿಫಲವಾದಲ್ಲಿ ಕಣ್ಣಿನ ಪಾಪೆ ಅಥವಾ ಒಟಿಪಿ ಮೂಲಕ ದೃಢೀಕರಿಸುವಂತೆ, ಅದೂ ಸಾಧ್ಯವಾಗದಿದ್ದಲ್ಲಿ ಆಧಾರ್ ಚೀಟಿಯ ಆಧಾರದ ಮೇಲೆ ಸೌಲಭ್ಯ ನೀಡಿ ವಹಿಯಲ್ಲಿ ದಾಖಲಿಸುವಂತೆ ವಿಶಿಷ್ಟ ಗುರುತು ಪ್ರಾಧಿಕಾರವು 2017ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ದೃಢೀಕರಣ ವಿಫಲವಾದ ಮಾತ್ರಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದೆಂಬುದನ್ನು 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸ್ಪಷ್ಟಪಡಿಸಿತು.

ಗುರುತು ಪರಿಶೀಲನೆಗಾಗಿ ಕಣ್ಣು ಮಿಟುಕಿಸಲಾಗದ ಆಸಿಡ್ ದಾಳಿ ಸಂತ್ರಸ್ತರು ಮತ್ತು ದೃಷ್ಟಿದೋಷವುಳ್ಳವರ ಅರ್ಜಿಗಳಲ್ಲಿ ಅದೇ ನ್ಯಾಯಾಲಯವು 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು.

ಅರ್ಜಿದಾರರು ಅನುಸರಿಸಬೇಕಾದ ಕ್ರಮ

1. ಒಂದು ಬೆರಳು ಹೊಂದಿಕೆಯಾಗದಿದ್ದಲ್ಲಿ ಬೇರೆ ಬೆರಳುಗಳಿಂದ ಪ್ರಯತ್ನಿಸಿ, ನಂತರ ಮೇಲಿನ ಪರ್ಯಾಯಗಳನ್ನು ಕೋರಬೇಕು. ಪಡಿತರಕ್ಕೆ ಚೀಟಿಯಲ್ಲಿರುವ ಕುಟುಂಬದ ಇನ್ನೊಬ್ಬ ಸದಸ್ಯರೂ ದೃಢೀಕರಣ ನೀಡಬಹುದು.
2. ಬೆರಳಚ್ಚು, ಹೆಸರು ಹಾಗೂ ಮೊಬೈಲ್ ಸಂಖ್ಯೆಯನ್ನು ಆಧಾರ್ ಸೇವಾ ಕೇಂದ್ರದಲ್ಲಿ ನವೀಕರಿಸಿಕೊಳ್ಳುವುದು ಸೂಕ್ತ. ಮಾಹಿತಿಗೆ ಶುಲ್ಕರಹಿತ ದೂರವಾಣಿ: 1947.
3. ಸ್ವತಃ ಅರ್ಜಿ ಭರ್ತಿ ಮಾಡಲಾರದವರು ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದ ನೆರವು ಪಡೆಯಬಹುದು. ಒಟಿಪಿಯನ್ನು ಅಪರಿಚಿತರಿಗೆ ತಿಳಿಸಬಾರದು.
4. ಸಕಾಲ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿಯನ್ನು ತಪ್ಪದೇ ಪಡೆಯಬೇಕು. ವಿಳಂಬವಾದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಮೇಲ್ಮನವಿಗೆ ಇದೇ ಆಧಾರ.
5. ಸೌಲಭ್ಯ ನಿರಾಕರಿಸಿದಲ್ಲಿ ಕಾರಣ ನಮೂದಿಸಿದ ಲಿಖಿತ ಹಿಂಬರಹ ಕೇಳಬೇಕು. ಪಡಿತರ ಸಂಬಂಧಿ ದೂರನ್ನು ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮ, 2013ರಡಿಯ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ಸಲ್ಲಿಸಬಹುದು.

ಬಾಯಿಮಾತಿನ ನಿರಾಕರಣೆಗೆ ದಾಖಲೆ ಇರುವುದಿಲ್ಲ. ಆದುದರಿಂದ ಅರ್ಜಿದಾರರು ಸ್ವೀಕೃತಿ ಅಥವಾ ಹಿಂಬರಹವಿಲ್ಲದೆ ಹಿಂದಿರುಗಬಾರದು.