ಬೀಡಿ ಲೇಬಲ್, 92 ಕೋಟಿ ಮತ್ತು ಅಜ್ಜಿಯ ಪಾಸ್‌ಬುಕ್

ಮೊದಲ ಫೋಟೋದಲ್ಲಿ ಇರುವುದು ಹಳೇ ಬೀಡಿ ಕಟ್ಟಿನ ಲೇಬಲ್. ನನ್ನ ಅಂಗೈಗಿಂತ ಚಿಕ್ಕದು. ಅಳದಂಗಡಿಯ ಚರಿತ್ರೆ ಅಂದ ಕೂಡ್ಲೇ ನೀವು ಅಜಿಲರ ಅರಮನೆ ಕೇಳ್ತೀರಿ, ಪಕ್ಕದ ವೇಣೂರಿನ 1604ರ ಬಾಹುಬಲಿ ಕೇಳ್ತೀರಿ. ಇವತ್ತು ಅದಲ್ಲ, ಇದು. (ಮೊದ್ಲೇ ಹೇಳ್ತೇನೆ, ನಾನು ಸೇದುವುದಿಲ್ಲ. ಅಮ್ಮನೂ ಈ ಪೇಜ್ ನೋಡ್ತಾರೆ!)

ಅಮೆರಿಕದಲ್ಲಿ ಹಳೇ ತಂಬಾಕು ಪೈಪ್ ಸಂಗ್ರಹಿಸುವವರು ತುಂಬಾ ಜನ ಇದ್ದಾರೆ. ಬೆಲೆಬಾಳುವ ಮರದ ಪೈಪ್ ಮಾತ್ರ ಅಲ್ಲ, ಮೆಕ್ಕೆಜೋಳದ ದಿಂಡಿನದ್ದೂ ಬೇಕು ಅವರಿಗೆ. ಮಿಸೌರಿ ರಾಜ್ಯದ ವಾಷಿಂಗ್ಟನ್ ಅನ್ನುವ ಸಣ್ಣ ಊರಲ್ಲಿ 1869ರಿಂದ ಅದನ್ನು ಮಾಡ್ತಾ ಇದ್ದಾರೆ. ಬಡ ರೈತನ ಪೈಪ್ ಅದು. ಜನರಲ್ ಮ್ಯಾಕ್‌ಆರ್ಥರ್ ಬಾಯಲ್ಲಿ ಇದ್ದದ್ದೂ ಅದೇ ಜಾತಿ. ಸಂಗ್ರಹಕಾರರು ಪೈಪ್ ಕೈಗೆ ಸಿಕ್ಕಿದ ಕೂಡ್ಲೇ ತಿರುಗಿಸಿ ಅದರ ಮೇಲೆ ಒತ್ತಿದ ಹೆಸರು, ನಂಬರ್ ಓದ್ತಾರೆ. ಅದರಿಂದ ಕಾಲ ಅಂದಾಜಾಗ್ತದೆ.

ನಮ್ಮಲ್ಲಿ ಬೀಡಿ. ಅದು ಸುಟ್ಟು ಹೋಗ್ತದೆ, ಉಳಿಯುವುದು ಲೇಬಲ್ ಮಾತ್ರ. ಅದರ ಕಾಲ ಕಂಡುಹಿಡಿಯಲಿಕ್ಕೆ ವಿಳಾಸ ಓದಿ. 'ಮೈಸೂರು ರಾಜ್ಯ' ಅಂತ ಇದ್ದರೆ ಅದು 1956ರಿಂದ 1973ರ ನಡುವಿನದ್ದು, ಯಾಕಂದ್ರೆ 1956ರ ನವೆಂಬರ್ ತನಕ ನಾವು ಮದ್ರಾಸಿಗೆ ಸೇರಿದವರು, 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕ ಆಯ್ತು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದ್ದಲ್ಲ. ಎಚ್ಚರಿಕೆಯ ಚಿತ್ರ ಇದ್ದರೆ 2009ರ ಮೇ ನಂತರದ್ದು. ನನ್ನ ಹತ್ರ ಇರುವುದರಲ್ಲಿ ಪಿನ್‌ಕೋಡ್ ಇಲ್ಲದ್ದು ಇದೊಂದೇ, ಅದಕ್ಕೇ ಇಷ್ಟು ಜಂಬ.

ಈಗ ಬಿ.ಕಾಂ.ನವರು ಸ್ವಲ್ಪ ಕಿವಿ ಕೊಡಿ. ಮಂಗಳೂರು ಗಣೇಶ್ ಬೀಡಿ ಗೊತ್ತಲ್ವಾ? ಅದೊಂದು ಪಾಲುದಾರಿಕೆ ಸಂಸ್ಥೆ. ಪಾಲುದಾರರ ಮಧ್ಯೆ ತಕರಾರಾಗಿ ವಿಷಯ ಕೋರ್ಟಿಗೆ ಹೋಯ್ತು. 1994ರಲ್ಲಿ ನಡೆಯುತ್ತಿರುವ ವ್ಯವಹಾರವಾಗಿಯೇ ಅದು ಹರಾಜಾಯ್ತು. ಪಾಲುದಾರರಲ್ಲೇ ಮೂವರು ಸೇರಿ ಕೊಂಡರು, 92 ಕೋಟಿಗೆ. ಆ ದುಡ್ಡಿನಲ್ಲಿ ಟ್ರೇಡ್‌ಮಾರ್ಕ್, ಕಾಪಿರೈಟ್, ಬೀಡಿ ಮಾಡುವ ತಿಳಿವಳಿಕೆ ಎಲ್ಲ ಸೇರಿತ್ತು. ಇದಕ್ಕೆಲ್ಲ ಸವಕಳಿ ಕೊಡಬೇಕಾ ಬೇಡ್ವಾ ಅಂತ ಆದಾಯ ತೆರಿಗೆ ಇಲಾಖೆ ಜೊತೆ ವರ್ಷಗಟ್ಟಲೆ ವ್ಯಾಜ್ಯ. 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕೊಡಬೇಕು, ಇವೂ 'ಪ್ಲಾಂಟ್' ಲೆಕ್ಕದಲ್ಲೇ ಬರ್ತವೆ. ಅಂದ್ರೆ ಈ ಕಾಗದದ ಮೇಲಿನ ಹೆಸರು ಮತ್ತು ಕಾರ್ಖಾನೆಯ ಮೆಷಿನ್, ತೆರಿಗೆ ಲೆಕ್ಕದಲ್ಲಿ ಒಂದೇ ಸಾಲಿನಲ್ಲಿ ಕೂತವು.

ಅದೇ ಸಂಸ್ಥೆಯ ಹೆಸರಿನ ಇನ್ನೊಂದು ತೀರ್ಪು ಉಂಟು, 1974ರದ್ದು. ಅದನ್ನು ನಮ್ಮ ಕ್ಲಾಸಲ್ಲಿ ಯಾರೂ ಹೇಳಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ ಕಾರ್ಮಿಕರು ಅಂತಲೇ ಕರೆಯಿತು. ಕಂಪನಿಗಳು ಆ ಕಾಯ್ದೆಯನ್ನೇ ಪ್ರಶ್ನಿಸಿದವು. ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿ ಹಿಡಿಯಿತು.

ಇದು ಯಾಕೆ ಮುಖ್ಯ ಅಂತ ಗೊತ್ತಾಗಬೇಕಾದ್ರೆ ನಮ್ಮ ಜಗಲಿಗೆ ಬನ್ನಿ. ಅಜ್ಜಿ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ ಸುರುಳಿ ಸುತ್ತಿ, ತುದಿ ಮಡಚಿ ನೂಲು ಕಟ್ಟುವುದನ್ನು ನೋಡಿಯೇ ನಾನು ದೊಡ್ಡವನಾದದ್ದು. ಸಂಜೆ ಅದು ಬ್ರಾಂಚಿಗೆ ಹೋಗ್ತದೆ. ಅಲ್ಲಿ ಎಣಿಸಿ, ಸರಿ ಇಲ್ಲದ್ದನ್ನು ತೆಗೆದು, ಪಾಸ್‌ಬುಕ್ಕಲ್ಲಿ ಬರೆದು ಕೊಡ್ತಾರೆ. ಸಾವಿರಕ್ಕೆ ಇಷ್ಟು ಅಂತ ಮಜೂರಿ. ಲೇಬಲ್ ಹಚ್ಚುವುದು ಆಮೇಲೆ, ಕಂಪನಿಯಲ್ಲಿ. ಅಷ್ಟು ವರ್ಷ ಬೀಡಿ ಕಟ್ಟಿದ ಅಜ್ಜಿ ಒಂದೇ ಒಂದು ಲೇಬಲ್ ಅಂಟಿಸಿದವರಲ್ಲ ಮಾರಾಯ್ರೆ.

ಹಾಗಾಗಿ ಕೊನೇ ಫೋಟೋದಲ್ಲಿ ಇರುವುದು ಲೇಬಲ್ ಅಲ್ಲ, ಅವರ ಪಾಸ್‌ಬುಕ್. ಹೆಸರು, ನಂಬರ್ ಮರೆಮಾಡಿದ್ದೇನೆ. ಫೋಟೋ ತೆಗೆಯುವಾಗ 'ಉಂದೆನ್ ದಾಯೆಗ್?' ಅಂತ ಕೇಳಿದ್ರು. ಇದನ್ನು ಯಾಕೆ ಅಂತ. ನಾನು ಲೇಬಲ್ ತೋರಿಸಿ 92 ಕೋಟಿ ಕಥೆ ಹೇಳಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ಕಾಗದವನ್ನು ತಿರುಗಿಸಿ ಹಿಂದುಗಡೆ ಏನಾದ್ರೂ ಉಂಟಾ ಅಂತ ನೋಡಿದ್ರು.

ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಬೀಡಿ ಪಾಸ್‌ಬುಕ್ ಇದ್ದರೆ ಗುಜರಿಗೆ ಹಾಕಬೇಡಿ, ಒಂದು ಮೆಸೇಜ್ ಮಾಡಿ. ಲೇಬಲ್ ನನಗೆ ಎಲ್ಲಿಂದಾದ್ರೂ ಸಿಗ್ತದೆ.