ವಿದುರಾಶ್ವತ್ಥದ ಗೋಲಿಬಾರ್ ಮತ್ತು ಅದರ ನೆನಪು

ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ, ಉತ್ತರ ಪಿನಾಕಿನಿಯ ದಡದಲ್ಲಿರುವ ಹಳೆಯ ಯಾತ್ರಾಸ್ಥಳ. ಇಲ್ಲಿದ್ದ ಅಶ್ವತ್ಥವನ್ನು ಮಹಾಭಾರತದ ವಿದುರ ನೆಟ್ಟನೆಂಬುದು ಸ್ಥಳಪುರಾಣ. ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ಸಾವಿರಾರು ನಾಗರಕಲ್ಲುಗಳು ದೇವಸ್ಥಾನದ ಸುತ್ತ ಸಾಲುಗಟ್ಟಿವೆ. ಇದೇ ಊರಿನಲ್ಲಿ 1938ರ ಏಪ್ರಿಲ್ 25ರಂದು ಮೈಸೂರು ಸಂಸ್ಥಾನದ ಪೊಲೀಸರು ನೆರೆದ ಜನರ ಮೇಲೆ ಗುಂಡು ಹಾರಿಸಿದರು.

ಗೋಲಿಬಾರಿಗೆ ಕಾರಣವಾದದ್ದು ಬಾವುಟದ ಪ್ರಶ್ನೆ. ಕಾಂಗ್ರೆಸ್ ಧ್ವಜ ಹಾರಿಸಲು ಸಂಸ್ಥಾನದ ಸರ್ಕಾರ ಅಡ್ಡಿಪಡಿಸುತ್ತಿತ್ತು. ಅದೇ ಏಪ್ರಿಲ್‌ನಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಸಮಾವೇಶಗೊಂಡಾಗ ಟಿ. ಸಿದ್ಧಲಿಂಗಯ್ಯನವರು ನಿಷೇಧ ಮೀರಿ ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಅಲ್ಲಿಂದ ಧ್ವಜ ಸತ್ಯಾಗ್ರಹ ಸಂಸ್ಥಾನದ ಇತರ ಕಡೆಗೂ ಹಬ್ಬಿತು. ವಿದುರಾಶ್ವತ್ಥದಲ್ಲಿಯೂ ಪ್ರತಿಬಂಧಕಾಜ್ಞೆ ಲೆಕ್ಕಿಸದೆ ಸಾವಿರಾರು ಜನ ಸೇರಿದ್ದರು.

ಸತ್ತವರು 10 ಮಂದಿ ಎಂದು ಸರ್ಕಾರ ಹೇಳಿತು. ಜನರ ಲೆಕ್ಕದಲ್ಲಿ ಅದು ಮೂವತ್ತಕ್ಕೂ ಹೆಚ್ಚು. ಈ ಅಂತರ ಇಂದಿಗೂ ಉಳಿದಿದೆ.

ಸುದ್ದಿ ದೇಶವ್ಯಾಪಿಯಾಯಿತು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿದರು. ಮೇ ತಿಂಗಳಲ್ಲಿ ಆದ ಮಿರ್ಜಾ–ಪಟೇಲ್ ಒಪ್ಪಂದದಂತೆ ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜ ಹಾರಿಸಲು ಅನುಮತಿ ಸಿಕ್ಕಿತು. ಗೋಲಿಬಾರಿನ ವಿಚಾರಣೆಗೆ ನ್ಯಾಯಮೂರ್ತಿ ವೇಪ ರಾಮೇಶಂ ಅವರ ಸಮಿತಿ ನೇಮಕವಾಯಿತು. ಪ್ರಜೆಗಳಿಗೆ ಉತ್ತರದಾಯಿಯಾದ ಜವಾಬ್ದಾರಿ ಸರ್ಕಾರಕ್ಕಾಗಿ ಮಾತ್ರ ಜನ ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು. 1947ರ ಮೈಸೂರು ಚಲೋ ಚಳವಳಿಯ ನಂತರವೇ ಅದು ಬಂದಿತು.

ಗೋಲಿಬಾರಿನ ದಿನವನ್ನು ಸ್ಮರಿಸುವುದು ಸುಲಭವಲ್ಲದಿರುವುದಕ್ಕೆ ಕಾರಣವಿದೆ. ವಿದುರಾಶ್ವತ್ಥವನ್ನು ದಕ್ಷಿಣದ ಜಲಿಯನ್‌ವಾಲಾ ಬಾಗ್ ಎನ್ನುವುದು ರೂಢಿ. ಆದರೆ ಅಮೃತಸರದಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟವನು ಬ್ರಿಟಿಷ್ ಸೇನಾಧಿಕಾರಿ. ಇಲ್ಲಿ ಗುಂಡು ಹಾರಿಸಿದ್ದು ಸ್ವದೇಶಿ ಅರಸರ ಸರ್ಕಾರ. ಅದೂ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿಸಿದ, ಕನ್ನಂಬಾಡಿ ಕಟ್ಟೆ ಕಟ್ಟಿಸಿದ, ಮಾದರಿ ಸಂಸ್ಥಾನವೆನಿಸಿಕೊಂಡ ಮೈಸೂರಿನಲ್ಲಿ. ಆ ಆಡಳಿತದ ಮೇಲಿನ ಅಭಿಮಾನ ಇಂದಿಗೂ ಗಾಢವಾಗಿರುವುದರಿಂದ ಗೋಲಿಬಾರಿನ ಹೊಣೆಯ ಮಾತು ಹಿಂದೆ ಸರಿಯುತ್ತದೆ.

ಸ್ವಾತಂತ್ರ್ಯಾನಂತರ ಇಲ್ಲಿ ಹುತಾತ್ಮರ ಸ್ಮಾರಕ ಎದ್ದಿತು. ಇಲ್ಲಿನ ವೀರಸೌಧವೆಂಬ ಕಟ್ಟಡದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳನ್ನು ಪ್ರದರ್ಶಿಸಲಾಗಿದೆ. ಮಡಿದವರಿಗೆ ಗೌರವ ಸಲ್ಲಿಸುವುದು ಸ್ಮರಣೆಯ ಮೊದಲ ಹೆಜ್ಜೆ. ಅವರನ್ನು ಕೊಂದ ಆಡಳಿತವನ್ನೂ ಹೆಸರಿಸಿದಾಗಲೇ ಅದು ಪಾಠವಾಗುತ್ತದೆ. ಮೈಸೂರಿನ ಸಾಧನೆಗಳನ್ನು ಮಕ್ಕಳಿಗೆ ಹೇಳುವ ಪುಟಗಳಲ್ಲೇ ವಿದುರಾಶ್ವತ್ಥಕ್ಕೂ ಜಾಗ ಇರಬೇಕು. ಒಳ್ಳೆಯ ಆಡಳಿತವೂ ಪ್ರಜೆಗಳ ಮಾತಿಗೆ ಉತ್ತರದಾಯಿಯಾಗಿರಬೇಕೆಂಬುದನ್ನು ಈ ಊರಿನ ಇತಿಹಾಸ ಕಲಿಸುತ್ತದೆ.